ಹೂವಪ್ಪನ ಡಾಕ್ಟರಿಕೆ

ಹೂವಪ್ಪನ ಎಡಗಣ್ಣಿನ ರೆಪ್ಪೆಯ ಅಂಚಿಗೆ ಒಂದು ನರಹುಲಿ ಜೋತುಬಿದ್ದಿತ್ತು. ದೊಡ್ಡದೇನಲ್ಲ, ಒಂದು ಕಾಳುಮೆಣಸಿನಷ್ಟು. ಆದರೆ ಅದು ಹುಟ್ಟಿದ ಜಾಗ ಕೆಟ್ಟದ್ದು. ಹೂವಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿಬರುವ ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸು ಓಡತೊಡಗಿತೆಂದರೆ ಕಿಟಕಿಯ ಗಾಳಿಗೆ ನರಹುಲಿ ಅಲ್ಲಾಡುತ್ತಿತ್ತು. ಅದು ಅಲ್ಲಾಡಿದರೆ ಕಣ್ಣಿಗೆ ಕಚಗುಳಿ. ಕಚಗುಳಿಯಾದರೆ ಎಡಗಣ್ಣು ಪಟ್ಟನೆ ಮುಚ್ಚಿ ತೆರೆಯುತ್ತಿತ್ತು. "ಎಲ್ಲಿಗೆ ತಾಯೀ?" ಎಂದು ಕೇಳುವ ಹೊತ್ತಿಗೆ ಸರಿಯಾಗಿ ಹೀಗಾದರೆ, ಎದುರಿಗೆ ಕೂತ ಹೆಂಗಸು ಏನೆಂದು ತಿಳಿಯಬೇಕು?

ಒಮ್ಮೆ ಬಟ್ಟೆಮಲ್ಲಪ್ಪದ ಸ್ಟಾಪಿನಲ್ಲಿ ಹತ್ತಿದವಳೊಬ್ಬಳು ಕೊಡೆಯಿಂದಲೇ ಉತ್ತರ ಕೊಟ್ಟಿದ್ದಳು. ಇನ್ನೊಮ್ಮೆ ಹೊಸದಾಗಿ ಮದುವೆಯಾದವನೊಬ್ಬ ಟಿಕೇಟು ಹಿಡಿಯುವ ಬದಲು ಹೂವಪ್ಪನ ಕೊರಳಪಟ್ಟಿ ಹಿಡಿದಿದ್ದ. "ನರಹುಲಿ ಸ್ವಾಮಿ, ನರಹುಲಿ! ಬೇಕಾರೆ ಮುಟ್ಟಿ ನೋಡಿ!" ಎಂದು ಕೂಗಿಕೊಂಡು ಹೂವಪ್ಪ ಪಾರಾಗಿದ್ದ.

ಇಂಥ ಕಣ್ಣಿಟ್ಟುಕೊಂಡವನಿಗೆ ಹೆಣ್ಣು ಕೊಡುವವರು ಯಾರು? ಶರಾವತಿಯ ಹಿನ್ನೀರಿನಲ್ಲಿ ಊರು ಮುಳುಗಡೆಯಾದ ಮೇಲೆ ತಾಯಿ ದುಗ್ಗಮ್ಮನೂ ಮಗನೂ ಸಾಗರದ ಪೇಟೆಯಂಚಿನ ಒಂದು ಹೆಂಚಿನ ಮನೆಗೆ ಬಂದು ಸೇರಿದ್ದರು. ಗದ್ದೆ ಹೋಗಿತ್ತು. ಉಳಿದದ್ದು ಕಂಡಕ್ಟರಿಕೆಯ ಸೀಟಿ ಒಂದೇ. ಹೆಣ್ಣಿನ ಕಡೆಯವರು ಬಂದು ಅವಲಕ್ಕಿ ತಿಂದು ಹೋಗುತ್ತಿದ್ದರು, ಮರಳಿ ಸುದ್ದಿ ಬರುತ್ತಿರಲಿಲ್ಲ. ಆಮೇಲೆ ಯಾರೋ ಹೇಳುತ್ತಿದ್ದರು, "ಹುಡುಗ ಒಳ್ಳೇವ್ನೇ, ಆದ್ರೆ ಅತ್ತೆಯಾಗೋಳಿಗೇ ಕಣ್ಣು ಹೊಡೆದ್ನಂತೆ."

ಹೀಗಿರುವಾಗ ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಹೇಳಿ ಕಳಿಸಿದರು. ಅಲ್ಲಿ ಗುತ್ಯಪ್ಪನವರೆಂಬ ಅನುಕೂಲಸ್ಥರಿದ್ದಾರೆ. ಒಬ್ಬಳೇ ಮಗಳು ಮೂಕಾಂಬಿಕಾ, ಎಸ್ಸೆಸ್ಸೆಲ್ಸಿ ಪಾಸಾದವಳು. ಅವಳಿಗೆ ಬೇಗ ಮದುವೆ ಮಾಡಬೇಕೆಂದಿದ್ದಾರೆ. ಗದ್ದೆಯಿಲ್ಲದಿದ್ದರೂ ಅಡ್ಡಿಯಿಲ್ಲವಂತೆ, ಹುಡುಗ ದುಡಿಯುವವನಾದರೆ ಸಾಕಂತೆ. ಬುಧವಾರ ಶಿವಮೊಗ್ಗದಲ್ಲಿ ಏನೋ ಕೆಲಸ ಮುಗಿಸಿ, ರೈಲಿನಲ್ಲಿ ಸಾಗರಕ್ಕೆ ಬಂದು, ಸಂಜೆ ಮನೆಗೇ ಬರುತ್ತಾರೆ.

ಆ ಬುಧವಾರ ಬೆಳಿಗ್ಗೆ ಹೂವಪ್ಪ ಖಾಕಿ ಅಂಗಿಯ ಗುಂಡಿ ಹಾಕುತ್ತಿದ್ದಾಗ ದುಗ್ಗಮ್ಮ ತೆಂಗಿನ ಕರಟವೊಂದನ್ನು ಹಿಡಿದು ಬಂದಳು.

"ಬಾ ಇಲ್ಲಿ. ಸುಣ್ಣಕ್ಕೆ ಬಟ್ಟೆ ಸೋಪು ಕಲಸಿದೀನಿ. ಒಂದು ಬೊಟ್ಟು ಇಟ್ರೆ ಸಂಜೆಯೊಳಗೆ ನರಹುಲಿ ಉದುರ್ತದೆ."

"ಅದ್ರ ಜೊತಿಗೆ ಕಣ್ಣೂ ಉದುರಿದ್ರೆ?"

"ಅಯ್ಯ, ಇನ್ನೊಂದು ಇಲ್ವಾ ನಿಂಗೆ?"

ಹೂವಪ್ಪ ಚರ್ಮದ ಚೀಲವನ್ನು ಹೆಗಲಿಗೆ ಎಸೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಹಿಂದಿನಿಂದ ದುಗ್ಗಮ್ಮ, "ಸಂಜೆ ಬೀಗ್ರ ಎದ್ರಿಗೆ ಆ ಕಣ್ಣು ಮುಚ್ಚಿ ತೆಗ್ದು ಮಾಡಿದ್ರೆ ನಾನು ಹೊಳೆಗೆ ಹಾರ್ತೀನಿ ನೋಡು!" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿತು.

ಬೀದಿಗೆ ಕೇಳಿದ್ದು ಬಸ್ಸಿಗೆ ಕೇಳದೆ ಇರುತ್ತದೆಯೆ? ಬಳೆ ಮಾರುವ ಹುಲಿಗೆಮ್ಮ ತನ್ನ ಬಳೆಯ ಮಲಾರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಸ್ಸು ಊರು ದಾಟುವಷ್ಟರಲ್ಲಿ ಬೀಗರು ಹೂವಪ್ಪನನ್ನು ನೋಡಲು ಬರುವ ಸುದ್ದಿ ಹಿಂದಿನ ಸೀಟಿನವರೆಗೆ ಮುಟ್ಟಿತು. ಎಲ್ಲರೂ ವೈದ್ಯರಾದರು.

"ಸುಬ್ರಹ್ಮಣ್ಯನಿಗೆ ಉಪ್ಪು ಮೆಣಸು ಹರಕೆ ಹೇಳ್ಕ ಮಾರಾಯ" ಎಂದರೊಬ್ಬರು.

"ಗೇರೆಣ್ಣೆ ಹಚ್ಚು, ಸುಟ್ಟು ಹೋಗ್ತದೆ" ಎಂದರು ಇನ್ನೊಬ್ಬರು.

"ಅದೆಂತ ಬ್ಯಾಡ, ಕುದ್ರೆ ಬಾಲದ ಕೂದ್ಲು ಬಿಗಿದು ಕಟ್ಬೇಕು" ಎಂದಳು ಹುಲಿಗೆಮ್ಮ. "ಕುದ್ರೆ ಇಲ್ದಿದ್ರೆ ಎಂತಾತು, ನನ್ನ ತಲೇಲಿ ಇಲ್ವಾ ಕೂದ್ಲು?"

ಅವಳು ಹೇಳಿದ್ದನ್ನು ಮಾಡುವವಳು. ಬಳೆ ತೊಡಿಸಿ ಪಳಗಿದ ಕೈ. ಹೂವಪ್ಪ ಬೇಡವೆನ್ನುವ ಮೊದಲೇ ತನ್ನದೊಂದು ಕೂದಲು ಕಿತ್ತು ನರಹುಲಿಯ ಬುಡಕ್ಕೆ ಸುತ್ತಿಬಿಟ್ಟಳು. ತುದಿ ಎಳೆದು ಗಂಟು ಬಿಗಿಯಬೇಕು ಎನ್ನುವಾಗ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಮಾಸ್ತಪ್ಪ ಬ್ರೇಕು ಒತ್ತಿದ. ಹುಲಿಗೆಮ್ಮ ಮುಂದಕ್ಕೆ, ಹೂವಪ್ಪ ಹಿಂದಕ್ಕೆ. ನಡುವೆ ಕೂದಲು ವೀಣೆಯ ತಂತಿಯಂತೆ ಸೆಟೆಯಿತು.

ಹೂವಪ್ಪ ಕೂಗಿದ ಕೂಗಿಗೆ ಎಮ್ಮೆಯೇ ಹೆದರಿ ಕಾಡಿಗೆ ಓಡಿತು. ಹೊಸನಗರ ಮುಟ್ಟುವ ಹೊತ್ತಿಗೆ ನರಹುಲಿ ನೇರಳೆಹಣ್ಣಾಗಿತ್ತು, ಕಣ್ಣು ಬದನೆಕಾಯಾಗಿತ್ತು.

"ಬೀಗ್ರು ಬರೋ ದಿನ ಇದೆಂತ ಅವತಾರ ಮಾರಾಯ!" ಎಂದು ಮಾಸ್ತಪ್ಪ ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯದೆ ನೇರವಾಗಿ ಡಾಕ್ಟರಮ್ಮ ಅನ್ನಪೂರ್ಣೇಶ್ವರಿಯವರ ಡಿಸ್ಪೆನ್ಸರಿಯ ಮುಂದೆಯೇ ನಿಲ್ಲಿಸಿದ. ತಿಂಡಿಗೆ ಇಳಿಯಬೇಕಾಗಿದ್ದ ಪ್ರಯಾಣಿಕರು ತಿಂಡಿ ಬಿಟ್ಟು ಕಿಟಕಿಗೆ ಮುತ್ತಿದರು.

ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿದರು. "ಇದನ್ನ ಕಟ್ಟಿದ್ದು ಯಾರು?"

"ನಾನು ತಾಯೀ" ಎಂದಳು ಹುಲಿಗೆಮ್ಮ, ಬಹುಮಾನ ತೆಗೆದುಕೊಳ್ಳಲು ಬಂದವಳಂತೆ.

"ನೀವು ಹೊರಗೆ ಕೂತ್ಕೊಳ್ಳಿ." ಡಾಕ್ಟರಮ್ಮ ಹೂವಪ್ಪನ ಕಡೆ ತಿರುಗಿದರು. "ಎಷ್ಟು ಕಾಲದಿಂದ ಇದೆ?"

"ಮೀಸೆ ಬಂದಾಗಿಂದ."

"ದಿಢೀರ್ ಅಂತ ಬೆಳೆದಿದ್ದು ಉಂಟಾ? ಬಣ್ಣ ಬದಲಾಗಿದ್ದು? ತಾನಾಗೇ ರಕ್ತ ಬಂದಿದ್ದು?"

"ಇಲ್ಲಮ್ಮಾ. ಇವತ್ತು ಹುಲಿಗೆಮ್ಮ ಕೈ ಹಾಕೋವರೆಗೂ ತನ್ನ ಪಾಡಿಗೆ ತಾನಿತ್ತು."

"ಹಾಗಾದ್ರೆ ಇದು ಪಾಪದ ನರಹುಲಿ. ತೊಟ್ಟಿಗೆ ನೇತುಬಿದ್ದ ಕಾಯಿ ಹಾಗೆ. ಸುಣ್ಣ, ಗೇರೆಣ್ಣೆ ಹಚ್ಚಿದ್ರೆ ಕಣ್ಣು ಹೋಗ್ತಿತ್ತು. ಕತ್ತರಿಸಿದ್ರೆ ಮುಗೀತು."

ಒಂದು ಸಣ್ಣ ಸೂಜಿ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಚಕ್ ಎಂಬ ಸದ್ದು ಮಾತ್ರ. "ಆಯ್ತು" ಎಂದರು ಡಾಕ್ಟರಮ್ಮ. ಇಷ್ಟು ವರ್ಷ ತನ್ನ ಮಾನ ಹರಾಜು ಹಾಕಿದ ವಸ್ತು ಬಿಳಿ ಬಟ್ಟಲಿನಲ್ಲಿ ಅನಾಥವಾಗಿ ಬಿದ್ದಿರುವುದನ್ನು ಕಂಡು ಹೂವಪ್ಪನಿಗೆ ನಂಬಿಕೆಯೇ ಬರಲಿಲ್ಲ.

ರಕ್ತ ನಿಲ್ಲುವ ತನಕ ಹತ್ತಿ ಒತ್ತಿಕೊಂಡು ಅವನು ಅಲ್ಲೇ ಬೆಂಚಿನ ಮೇಲೆ ಕೂತ. ಡಾಕ್ಟರಮ್ಮ ಬೇರೆಯವರನ್ನು ನೋಡತೊಡಗಿದರು. ಬೆನ್ನಿನ ಮೇಲೆ ಕಂದು ಮೇಣ ಮೆತ್ತಿದಂತೆ ಕಲೆಗಳಿದ್ದ ಮುದುಕನಿಗೆ, "ಇದು ವಯಸ್ಸಿನ ಗುರುತು ಅಜ್ಜ, ಕೂದಲು ನರೆತ ಹಾಗೆ" ಎಂದರು. ತೋಳಿನಲ್ಲಿ ಗಂಟಿದ್ದವನೊಬ್ಬ ನಡುಗುತ್ತ ಬಂದ. ಅವರು ಒತ್ತಿ ನೋಡಿ ನಕ್ಕರು. "ಕೊಬ್ಬಿನ ಗಂಟು. ಚರ್ಮದ ಕೆಳಗೆ ಚೂರು ಕೊಬ್ಬು ಸೇರಿಕೊಂಡಿದೆ, ಅಷ್ಟೆ. ಬಾರೋ ಕಂಡಕ್ಟರ್, ನೀನೂ ಮುಟ್ಟಿ ನೋಡು, ನಾಲ್ಕು ಜನಕ್ಕೆ ಹೇಳುವೆಯಂತೆ."

ಹೂವಪ್ಪ ಮುಟ್ಟಿದ. ಗಂಟು ಬೆರಳಿಗೆ ಸಿಕ್ಕದೆ ಮೀನಿನಂತೆ ಜಾರಿತು. ಮೆತ್ತಗೆ, ಕಡುಬಿನ ಹಿಟ್ಟಿನಂತೆ.

"ಆದ್ರೆ ನೆನಪಿಟ್ಕೋ" ಎಂದರು ಡಾಕ್ಟರಮ್ಮ. "ಕಲ್ಲಿನ ಹಾಗೆ ಗಟ್ಟಿ ಇದ್ರೆ, ಬೇಗ ಬೇಗ ಬೆಳೀತಿದ್ರೆ, ಮಚ್ಚೆಯ ಬಣ್ಣ ಬದಲಾದ್ರೆ, ಹುಣ್ಣಾಗಿ ಒಣಗದೆ ಇದ್ರೆ ತಡ ಮಾಡಬಾರದು. ಯಾವುದೇ ಆಗಲಿ, ನೋಡಿ ಹೇಳೋಕೆ ನಾನಿದೀನಿ. ನೀನು ಕಳಿಸಿದ್ರೆ ಸಾಕು."

ಹೂವಪ್ಪ ಮೊದಲಿನದ್ದನ್ನೆಲ್ಲ ನೆನಪಿಟ್ಟುಕೊಂಡ. ಕೊನೆಯ ಮಾತನ್ನು ಮಾತ್ರ ಡಿಸ್ಪೆನ್ಸರಿಯ ಮೆಟ್ಟಿಲ ಮೇಲೆಯೇ ಬಿಟ್ಟು ಬಂದ.

ಬಸ್ಸು ಹೊರಟಿತು. ಕಿಟಕಿಯಿಂದ ಗಾಳಿ ಬಂತು. ಕಣ್ಣು ಮುಚ್ಚಲಿಲ್ಲ! ಹೂವಪ್ಪ ಬೇಕೆಂದೇ ಒಬ್ಬ ಗೌಡತಿಯ ಎದುರು ನಿಂತು, ಊದಿದ ಕಣ್ಣನ್ನೇ ಆದಷ್ಟು ಅರಳಿಸಿ, "ಎಲ್ಲಿಗೆ ತಾಯೀ?" ಎಂದ. ಆಕೆ ಸುಮ್ಮನೆ "ತೀರ್ಥಳ್ಳಿ" ಎಂದಳು. ಕೊಡೆ ಏಳಲಿಲ್ಲ. ಹೂವಪ್ಪನ ಎದೆ ಖಾಕಿ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿತು.

ಜನ ಬಿಡುತ್ತಾರೆಯೇ? "ನಂದೂ ಒಂದು ನೋಡು ಹೂವಪ್ಪ" ಎಂದು ಒಬ್ಬ ಕುತ್ತಿಗೆ ತೋರಿಸಿದ. "ತೊಟ್ಟಿದೆ. ನರಹುಲಿ. ಹೆದರ್ಬ್ಯಾಡಿ." ಇನ್ನೊಬ್ಬ ಕೆನ್ನೆ ತೋರಿಸಿದ. "ಮೇಣ ಮೆತ್ತಿದಂಗಿದೆ. ವಯಸ್ಸಿನ ಗುರುತು. ಮುಂದೆ ಹೋಗಿ." ಮಾಸ್ತಪ್ಪನೂ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಮೊಣಕೈ ಚಾಚಿದ. ತೀರ್ಥಹಳ್ಳಿ ಬಂದಾಗ ಬಸ್ಸಿನಲ್ಲಿ ಹೂವಪ್ಪ ಮುಟ್ಟದ ಮೈ ಉಳಿದಿರಲಿಲ್ಲ. ಹುಲಿಗೆಮ್ಮನೇ ಎಲ್ಲರಿಗೂ, "ನಮ್ಮ ಹೂವಪ್ಪ ಅರ್ಧ ಡಾಕ್ಟ್ರು" ಎಂದು ಸಾರುತ್ತಿದ್ದಳು.

ಮಧ್ಯಾಹ್ನ ಅದೇ ಬಸ್ಸು ತೀರ್ಥಹಳ್ಳಿಯಿಂದ ಸಾಗರಕ್ಕೆ ಮರಳಿ ಹೊರಟಿತು. ಹೊರಡುವ ಗಳಿಗೆಯಲ್ಲಿ ಒಬ್ಬ ಯಜಮಾನರು ಹತ್ತಿದರು. ಬಿಳಿ ಪಂಚೆ, ಕರಿ ಕೋಟು. ಬಿಸಿಲು ಸುಡುತ್ತಿದ್ದರೂ ಕೊರಳಿಗೆ ಉಣ್ಣೆಯ ಶಾಲು ಸುತ್ತಿದ್ದರು. ಮುಖ ಮಾತ್ರ ತಮ್ಮ ತಿಥಿಯೂಟಕ್ಕೆ ತಾವೇ ಹೊರಟವರ ಹಾಗಿತ್ತು. "ಸಾಗರ" ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕೂತರು.

ಹುಂಚ ದಾಟಿದ ಮೇಲಿನ ತಿರುವಿನಲ್ಲಿ ಬಸ್ಸು ವಾಲಿತು. ಯಜಮಾನರ ಶಾಲು ಜಾರಿತು. ಕೊರಳ ಹಿಂಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು! ಬೆಳಗಿನಿಂದ ಸಣ್ಣಪುಟ್ಟದ್ದನ್ನೇ ನೋಡಿ ಬೇಸತ್ತಿದ್ದ ಹೂವಪ್ಪನಿಗೆ ನಿಧಿ ಕಂಡಂತಾಯಿತು. ಕೇಳಲಿಲ್ಲ, ಹೇಳಲಿಲ್ಲ. ಎರಡು ಬೆರಳಿನಲ್ಲಿ ಒತ್ತಿಯೇಬಿಟ್ಟ. ಜಾರಿತು!

"ಕೊಬ್ಬು!" ಎಂದು ಹೂವಪ್ಪ ಸಂಭ್ರಮದಿಂದ ಕೂಗಿದ. "ಯಜಮಾನ್ರೇ, ನಿಮ್ಗೆ ಕೊಬ್ಬು!"

ಬಸ್ಸಿನವರೆಲ್ಲ ಕತ್ತು ಹೊರಳಿಸಿದರು.

"ಏನಂದಿ?" ಯಜಮಾನರು ಎದ್ದು ನಿಂತರು.

"ಕೊಬ್ಬು ಯಜಮಾನ್ರೇ, ಬರೀ ಕೊಬ್ಬು. ಇವತ್ತಿನದಲ್ಲ, ಬಹಳ ವರ್ಷದ್ದು. ನಾನು ಮುಟ್ಟಿದ ಕೂಡ್ಲೇ ಗೊತ್ತಾತು."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಆ ಕಿಡಿ ಸಾಕಾಯಿತು, ಬಸ್ಸಿಗೆ ಬಸ್ಸೇ ನಗೆಯಲ್ಲಿ ಕುಲುಕಿತು. ಯಜಮಾನರ ಮುಖ ಕೆಂಡವಾಯಿತು.

"ನಿಲ್ಸೋ ಬಸ್ಸು! ನಂಗೆ ಕೊಬ್ಬಾ? ನಮ್ಮಪ್ಪ ಅಜ್ಜನ ಕಾಲದಿಂದ ನಮ್ಮ ಮನೇಲಿ ಯಾರಿಗೂ ಈ ಮಾತು ಅಂದೋರಿಲ್ಲ! ಯಾರ ಮಗ ಇವ್ನು?"

ಮಾಸ್ತಪ್ಪ ಬಸ್ಸು ನಿಲ್ಲಿಸಿ ಓಡಿಬಂದು ಕೈ ಮುಗಿದ. "ತಪ್ಪು ತಿಳ್ಕಬ್ಯಾಡಿ ಸ್ವಾಮಿ. ಹುಡುಗ ಭಾಳ ಒಳ್ಳೇವ್ನು. ಸಾಗರದ ದುಗ್ಗಮ್ಮನ ಮಗ, ಹೂವಪ್ಪ ಅಂತ. ಇವತ್ತು ಸಂಜೆ ಅವನನ್ನ ನೋಡೋಕೆ ಹೆಣ್ಣಿನ ಅಪ್ಪ ಬೇರೆ ಬರ್ತಾರೆ. ಅದೇ ಖುಷೀಲಿ..."

"ದುಗ್ಗಮ್ಮನ ಮಗನಾ?" ಯಜಮಾನರು ನಿಂತಲ್ಲೇ ಕುಸಿದು ಕೂತರು. "ಶಿವಮೊಗ್ಗದ ಕೆಲಸ ತಪ್ಪಿಹೋತು, ರೈಲು ಯಾಕೆ, ಬಸ್ಸಿಗೇ ಹೋಗಾಣ ಅಂತ ಹೊರಟೆ. ನಾನೇ ಕಣಯ್ಯ ಗುತ್ಯಪ್ಪ! ನಾನು ನೋಡೋಕೆ ಹೊರಟಿದ್ದ ಹುಡುಗ ಇವ್ನಾ?"

ಇಷ್ಟು ದಿನ ಹೂವಪ್ಪ ಕಣ್ಣು ಹೊಡೆದು ಹೆಣ್ಣು ಕಳೆದುಕೊಂಡಿದ್ದ. ಈಗ ಕಣ್ಣು ನೆಟ್ಟಗಾದ ದಿನ ಬಾಯಿ ಕೈ ಕೊಟ್ಟಿತ್ತು.

"ಹೊಸನಗರದಲ್ಲಿ ಇಳೀತೀನಿ. ವಾಪಸ್ಸು ಹೋಗ್ತೀನಿ" ಎಂದರು ಗುತ್ಯಪ್ಪನವರು. ಶಾಲನ್ನು ಮತ್ತೆ ಕೊರಳಿಗೆ ಬಿಗಿದುಕೊಂಡರು.

ಹೊಸನಗರ ಬಂತು. ಗುತ್ಯಪ್ಪನವರು ಇಳಿದರು. ಇನ್ನು ಕಳೆದುಕೊಳ್ಳುವುದೇನೂ ಇಲ್ಲವೆಂದು ಹೂವಪ್ಪನೂ ಹಿಂದೆಯೇ ಹಾರಿದ. "ಯಜಮಾನ್ರೇ, ಹೆಣ್ಣು ಕೊಡ್ಬ್ಯಾಡಿ. ಬಯ್ರಿ, ಹೊಡೀರಿ. ಆದ್ರೆ ಒಂದು ಗಳಿಗೆ ಈ ಡಾಕ್ಟರಮ್ಮನ ಹತ್ರ ಬನ್ನಿ. ನಾನು ಬೈದಿದ್ದಲ್ಲ ಅಂತ ಅವ್ರ ಬಾಯಿಂದ್ಲೇ ಕೇಳಿ."

"ಡಾಕ್ಟ್ರು" ಎಂಬ ಮಾತು ಕೇಳಿ ಗುತ್ಯಪ್ಪನವರು ಇನ್ನಷ್ಟು ವೇಗವಾಗಿ ನಡೆದರು. ಹೂವಪ್ಪ ಒಂದು ರಟ್ಟೆ ಹಿಡಿದ. ಮಾಸ್ತಪ್ಪ ಇನ್ನೊಂದು ಹಿಡಿದ. ವ್ಯಾಪಾರ ಮುಗಿಸಿ ಅದೇ ಬಸ್ಸಿಗೆ ಮರಳುತ್ತಿದ್ದ ಹುಲಿಗೆಮ್ಮ ಹಿಂದಿನಿಂದ ನೂಕಿದಳು. ಉಳಿದ ಪ್ರಯಾಣಿಕರು ಮೆರವಣಿಗೆಯಾದರು. ಬಾಗಿಲಿಗೆ ಬೀಗ ಹಾಕುತ್ತಿದ್ದ ಡಾಕ್ಟರಮ್ಮ ಈ ದಂಡು ಕಂಡು, "ಮತ್ತೆ ಯಾರಿಗೆ ಕೂದಲು ಕಟ್ಟಿದಿರಿ?" ಎಂದರು.

ಒಳಗೆ ಕೂರಿಸಿದಾಗ ಗುತ್ಯಪ್ಪನವರ ಕೋಪವೆಲ್ಲ ಇಳಿದಿತ್ತು, ಹೆದರಿದ ಮಗುವಿನಂತೆ ಕುರ್ಚಿಯ ಅಂಚು ಹಿಡಿದಿದ್ದರು. ಡಾಕ್ಟರಮ್ಮ ಮೆಲ್ಲಗೆ ಒತ್ತಿದರು, ಸುತ್ತ ಮುಟ್ಟಿದರು, ಕಂಕುಳು, ಗಂಟಲು ನೋಡಿದರು.

"ಎಷ್ಟು ವರ್ಷದಿಂದ?"

"ಮಗಳು ಅಂಬೆಗಾಲಿಡೋ ಕಾಲದಿಂದ. ನಮ್ಮಣ್ಣನಿಗೂ ಕೊರಳಲ್ಲೇ ಗಂಟೆದ್ದಿತ್ತು ತಾಯೀ. ಆರು ತಿಂಗ್ಳಲ್ಲಿ ತೀರಿಹೋದ. ಎರಡು ವರ್ಷ ಆತು. ಆವತ್ತಿಂದ ನಾನು ಯಾರಿಗೂ ತೋರಿಸ್ಲಿಲ್ಲ."

"ಅಣ್ಣನ ಗಂಟು ಹೇಗಿತ್ತು?"

"ಕಲ್ಲು, ಕಲ್ಲು."

"ಅದು ಬೇರೆ. ಇದು ಕೊಬ್ಬಿನ ಗಂಟು. ಇಷ್ಟು ವರ್ಷ ಸುಮ್ಮನೆ ಕೂತಿದೆ, ಇನ್ನೂ ಕೂತಿರತ್ತೆ. ತೊಂದರೆ ಅನ್ನಿಸಿದ್ರೆ ಶಿವಮೊಗ್ಗದಲ್ಲಿ ಕೊಯ್ಸಿಕೊಳ್ಳಿ. ಇಲ್ಲದಿದ್ರೆ ಬೇಡ."

"ಹಂಗಾರೆ ನಾನು ಸಾಯಲ್ವಾ?"

"ಸಾಯ್ತೀರಿ. ಇದರಿಂದ ಅಲ್ಲ."

ಗುತ್ಯಪ್ಪನವರು ಎದ್ದರು. ಶಾಲು ಬಿಚ್ಚಿ ಹೂವಪ್ಪನ ಹೆಗಲಿಗೆ ಹೊದಿಸಿ, ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟರು. "ಎರಡು ವರ್ಷದಿಂದ ದಿನಾ ಸಾಯ್ತಿದ್ನಲ್ಲೋ ಮಾರಾಯ! ನೀನು ಎರಡು ಬೆರಳಲ್ಲಿ ಬದುಕಿಸಿದೆ!"

ಕಿಟಕಿಯಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಹುಲಿಗೆಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೊಸನಗರದಿಂದ ಸಾಗರದವರೆಗೆ ಆ ಬಸ್ಸು ದಿಬ್ಬಣದ ಬಸ್ಸಾಯಿತು. ಗುತ್ಯಪ್ಪನವರು ಎಲ್ಲರಿಗೂ ಮಂಡಕ್ಕಿ ಹಂಚಿಸಿದರು. ಹೂವಪ್ಪನ ಕೈ ಬಿಡಲೇ ಇಲ್ಲ. ಅವನು ಟಿಕೇಟು ಹರಿಯಲು ಹೋದರೆ ಅವರೂ ಜೊತೆಗೆ ಹೋದರು. ಹತ್ತಿದ ಪ್ರತಿಯೊಬ್ಬರಿಗೂ ಕುತ್ತಿಗೆ ಬಗ್ಗಿಸಿ ತೋರಿಸಿ, "ನೋಡಿ, ನಂಗೆ ಕೊಬ್ಬು! ಬರೀ ಕೊಬ್ಬು!" ಎಂದು ತಾವೇ ಹೇಳಿಕೊಂಡು ನಕ್ಕರು. ಮಾಸ್ತಪ್ಪ ತಿರುವು ತಿರುವಿಗೂ ಹಾರ್ನು ಹಿಂಡಿದ. ಹೂವಪ್ಪ ಧೈರ್ಯ ಮಾಡಿ ಒಮ್ಮೆ, "ಮಾವ, ಹುಷಾರು, ತಲೆ ತಾಗೀತು" ಎಂದ. ಗುತ್ಯಪ್ಪನವರು ಬೇಡವೆನ್ನಲಿಲ್ಲ. ಹೂವಪ್ಪನಿಗೆ ಮನಸ್ಸಿನಲ್ಲೇ ವಾಲಗ ಕೇಳಿಸಿತು.

ಬಸ್‌ಸ್ಟ್ಯಾಂಡಿನಿಂದ ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ದುಗ್ಗಮ್ಮ ಬಾಗಿಲಲ್ಲಿ ನಿಂತು ಮಗನ ಮುಖ ಹಿಡಿದು ನೋಡಿದಳು. ನರಹುಲಿಯಿಲ್ಲ! ಹಿಂದೆ ನೋಡಿದಳು. ನಗುನಗುತ್ತ ಬೀಗರು! ಅವಳಿಗೆ ನೆಲ ಕಾಣಲಿಲ್ಲ. ಬಿಸಿ ಬಿಸಿ ಕೊಟ್ಟೆ ಕಡುಬು, ಬೆಲ್ಲ, ತುಪ್ಪ ಬಡಿಸಿದಳು. ಎರಡು ವರ್ಷದಿಂದ ಗಂಜಿ ಕುಡಿದೇ ದಿನ ನೂಕಿದ್ದ ಗುತ್ಯಪ್ಪನವರು ಕಡುಬಿನ ಮೇಲೆ ಕಡುಬು ಇಳಿಸಿದರು. ಕಡೆಗೆ ಮನೆಯವರಿಗೆಂದು ಎತ್ತಿಟ್ಟಿದ್ದನ್ನೂ ಬಿಡಲಿಲ್ಲ.

ಎಲೆ ಅಡಿಕೆಯ ತಟ್ಟೆ ಮುಂದಿಟ್ಟು ದುಗ್ಗಮ್ಮ ಮಾತು ತೆಗೆದಳು. "ಹಂಗಾರೆ ಬೀಗ್ರೇ, ಹುಡುಗ ಒಪ್ಪಿಗೆ ಅಂದಂಗಾತು. ಲಗ್ನ ಯಾವಾಗ ಇಟ್ಕಳ್ಳಾಣ?"

"ಒಪ್ಪಿಗೆ ಅಂತ ಕೇಳ್ತೀಯಾ ದುಗ್ಗಮ್ಮ? ಇಂಥ ಹುಡುಗ ನೂರಕ್ಕೊಬ್ಬ ಸಿಗಲ್ಲ" ಎಂದರು ಗುತ್ಯಪ್ಪನವರು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. "ಅದಕ್ಕೇ ಇವನ ಹತ್ರ ಮುಚ್ಚುಮರೆ ಮಾಡಬಾರ್ದು. ನಾನು ಹೊರಟಿದ್ದೇ ಸಾಯೋ ಭಯದಲ್ಲಿ. ಕಣ್ಣು ಮುಚ್ಚೋದ್ರೊಳಗೆ ಮಗಳನ್ನ ಯಾರ ಕೈಗಾದ್ರೂ ಹಾಕಿಬಿಡಾಣ ಅಂತ. ಗದ್ದೆ ಉಂಟಾ ಕೇಳಲಿಲ್ಲ, ಮನೆ ಹೆಂಗಿದೆ ಕೇಳಲಿಲ್ಲ. ಅವಳು ಪಾಪ, 'ಅಪ್ಪಯ್ಯ, ನಾನು ಟೀಚರ್ ಟ್ರೇನಿಂಗಿಗೆ ಹೋಗ್ತೀನಿ, ಈಗ್ಲೇ ಮದುವೆ ಬ್ಯಾಡ' ಅಂತ ಊಟ ಬಿಟ್ಟು ಅತ್ಲು. ನಾನು ಗದರಿಸಿ ಬಂದೆ."

ದುಗ್ಗಮ್ಮನ ಕೈಯಲ್ಲಿದ್ದ ವೀಳ್ಯದೆಲೆ ಅಲ್ಲೇ ನಿಂತಿತು.

"ಈಗ ಇನ್ನೆಂತ ಅವಸರ ಹೇಳು? ಸಾಯೋದೇ ಇಲ್ಲ ಅಂದ್ಮೇಲೆ! ಸೋಮವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಅವಳನ್ನ ಟ್ರೇನಿಂಗಿಗೆ ಸೇರಿಸ್ತೀನಿ. ಓದಲಿ, ಕೆಲಸ ಹಿಡೀಲಿ. ಆಮೇಲೆ ಟೀಚರಮ್ಮನಿಗೆ ತಕ್ಕಂಗೆ ಒಬ್ಬ ಮೇಷ್ಟ್ರನ್ನೋ ಡಾಕ್ಟ್ರನ್ನೋ ಹುಡುಕಿದ್ರಾತು." ಗುತ್ಯಪ್ಪನವರು ಹೂವಪ್ಪನ ಬೆನ್ನು ತಟ್ಟಿದರು. "ಆ ಹುಡುಗನ್ನ ನೋಡೋಕೆ ಹೋಗುವಾಗ ನೀನು ಜ್ವರ ಬಂದ್ರೂ ಬರ್ಲೇಬೇಕು ತಮಾ. ನೀನು ಮುಟ್ಟಿ ನೋಡಿ ಸೈ ಅಂದ್ರೆ ನಾನೂ ಸೈ!"

ಅವರು ಕೆಳದಿ ರಸ್ತೆಯ ತಮ್ಮ ನೆಂಟರ ಮನೆಗೆಂದು ಹಾಡು ಗುನುಗುತ್ತ ಹೊರಟರು. ಬೀದಿಯ ಜನ ಹೂವಪ್ಪನನ್ನು ನೋಡಿ, "ಏನಪ್ಪಾ ಡಾಕ್ಟ್ರೇ!" ಎಂದು ಹೆಮ್ಮೆಯಿಂದ ಕೂಗಿದರು. ಹೂವಪ್ಪ ಉಣ್ಣೆಯ ಶಾಲು ಹೊದ್ದು ಬೆವರುತ್ತ, ಎಲ್ಲರಿಗೂ ಕೈ ಮುಗಿಯುತ್ತ ಜಗಲಿಯ ಮೇಲೆ ನಿಂತಿದ್ದ.

ದುಗ್ಗಮ್ಮ ಬರಿದಾದ ಕಡುಬಿನ ಪಾತ್ರೆಯನ್ನು ಒಮ್ಮೆ ನೋಡಿದಳು, ಮಗನನ್ನು ಒಮ್ಮೆ ನೋಡಿದಳು. ಆಮೇಲೆ ತಲೆ ಚಚ್ಚಿಕೊಂಡು ಹೇಳಿದಳು:

"ಲೇ ಮಂಕೇ, ಅದು ಬರೀ ಕೊಬ್ಬು ಅನ್ನೋದನ್ನ ತಾಳಿ ಕಟ್ಟಿದ ಮಾರನೇ ದಿನ ಹೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತೋ?"